ಹೊಸ ಕಿಡ್ನಿ ಬಂದರೂ ಇಳಿಯದ ಬಿಪಿ: ರಿಚರ್ಡ್ ಹೆರಿಕ್ ಬದುಕಿನ ಮರೆತುಹೋದ ಅರ್ಧ

ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಯಾವಾಗ ಆಯ್ತು ಅಂತ ಕೇಳಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರು ತಟ್ಟನೆ ಹೇಳಿಬಿಡ್ತಾರೆ: 1954ರ ಡಿಸೆಂಬರ್ 23, ಅಮೆರಿಕದ ಬೋಸ್ಟನ್ ನಗರ. ಕಿಡ್ನಿ ಕೊಟ್ಟವನು ರೊನಾಲ್ಡ್ ಹೆರಿಕ್, ಪಡೆದವನು ಅವನ ಅವಳಿ ಸೋದರ ರಿಚರ್ಡ್ ಹೆರಿಕ್. ಆಪರೇಷನ್ ಮಾಡಿದ ಜೋಸೆಫ್ ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು. ಪುಸ್ತಕದ ಕತೆ ಅಲ್ಲಿಗೆ ಮುಗೀತು.

ರಿಚರ್ಡ್‌ನ ಕತೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಾ ಇದ್ದರೂ ಅವನ ರಕ್ತದೊತ್ತಡ ಇಳಿಯಲೇ ಇಲ್ಲ. ಅದನ್ನು ಇಳಿಸೋಕೆ ವೈದ್ಯರು ಇನ್ನೂ ಎರಡು ಸಲ ಅವನ ಹೊಟ್ಟೆಗೆ ಕೈ ಹಾಕಬೇಕಾಯ್ತು. ಈ ಸಲ ಕೊಡೋಕಲ್ಲ, ತೆಗೆಯೋಕೆ. ಅವನು ಹುಟ್ಟಿನಿಂದ ಹೊತ್ತು ತಂದಿದ್ದ ಎರಡು ಕಿಡ್ನಿಗಳನ್ನೂ ಒಂದಾದ ಮೇಲೊಂದು ಹೊರಗೆ ತೆಗೆದರು. ಆಗಷ್ಟೇ ಬಿಪಿ ಹದಕ್ಕೆ ಬಂತು. ಆ ಎರಡು ಆಪರೇಷನ್‌ಗಳಿಗೆ ಯಾರೂ ಹಬ್ಬ ಮಾಡಲಿಲ್ಲ, ಗೈಡ್‌ಗಳಲ್ಲಿ ಅವುಗಳ ತಾರೀಖೂ ಇಲ್ಲ. ಆದರೆ ರಿಚರ್ಡ್ ಬದುಕಿದ್ದು ಅವುಗಳಿಂದಲೂ ಹೌದು.

ಈ ಅರ್ಧ ಕತೆಯನ್ನು ಈಗ ಯಾಕೆ ಹೇಳಬೇಕು? ಆರೋಗ್ಯದ ವಿಚಾರದಲ್ಲಿ ನಮ್ಮ ಸರ್ಕಾರಗಳು, ಮಾಧ್ಯಮಗಳು, ನಾವು ಕೂಡ ಮಾಡೋ ದೊಡ್ಡ ತಪ್ಪು ಈ ಮರೆವಿನಲ್ಲೇ ಇದೆ.

ಹೊಲದ ಮನೆಯ ಅವಳಿಗಳು

ರಿಚರ್ಡ್ ಮತ್ತು ರೊನಾಲ್ಡ್ ಹುಟ್ಟಿದ್ದು 1931ರ ಜೂನ್ 15ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಮಹಾ ಆರ್ಥಿಕ ಕುಸಿತದ ಕಾಲ ಅದು. ರಟ್‌ಲ್ಯಾಂಡ್ ಅನ್ನೋ ಸಣ್ಣ ಊರಿನ ಹೊಲದ ಮನೆಯಲ್ಲಿ ಇಬ್ಬರೂ ಬೆಳೆದರು. ಶ್ರೀಮಂತರಲ್ಲ, ಹೆಸರುವಾಸಿ ಮನೆತನವೂ ಅಲ್ಲ. ದೊಡ್ಡವರಾದ ಮೇಲೆ ಆ ಕಾಲದ ಸಾಕಷ್ಟು ಹುಡುಗರ ಹಾಗೆ ಸಮವಸ್ತ್ರ ತೊಟ್ಟರು. ರೊನಾಲ್ಡ್ ಸೇನೆಗೆ ಹೋದ, ರಿಚರ್ಡ್ ಕರಾವಳಿ ಕಾವಲು ಪಡೆಗೆ ಸೇರಿದ.

ಕಾಯಿಲೆ ಹಿಡಿದದ್ದು ರಿಚರ್ಡ್‌ಗೆ. ಮೈಯೆಲ್ಲ ಊದಿಕೊಳ್ತು, ಬಿಪಿ ಏರಿತು. ಮೂತ್ರಪಿಂಡದ ಉರಿಯೂತ, ಅದೂ ವಾಸಿಯಾಗದೆ ನಿಧಾನಕ್ಕೆ ಕೊಲ್ಲುವ ಬಗೆಯದು. ರಕ್ತ ಸೋಸುವ ಲಕ್ಷಾಂತರ ಜರಡಿಗಳು ಒಂದೊಂದಾಗಿ ಮುಚ್ಚಿಕೊಳ್ತಾ ಹೋಗಿ ಕೊನೆಗೆ ಎರಡು ಕಿಡ್ನಿಗಳೂ ಮುದುಡಿ ಸಣ್ಣಗಾಗಿಬಿಟ್ಟವು. ಹೊರಹೋಗಬೇಕಾದ ವಿಷ ರಕ್ತದಲ್ಲೇ ಉಳಿದಾಗ ಅದು ಮೆದುಳಿಗೂ ಏರುತ್ತೆ. ರಿಚರ್ಡ್ ಗೊಂದಲಕ್ಕೆ ಬಿದ್ದ, ಆರೈಕೆ ಮಾಡೋರ ಮೇಲೇ ಸಿಟ್ಟಿಗೇಳ್ತಿದ್ದ. ಇಪ್ಪತ್ತಮೂರರ ಹುಡುಗ ಸಾವಿನ ಬಾಗಿಲಲ್ಲಿದ್ದ.

ನಾವಿಕರ ಕೂಲಿಯಿಂದ ಎದ್ದ ಆಸ್ಪತ್ರೆ

ಇಲ್ಲಿ ಒಂದು ಸಂಗತಿ ಗಮನಿಸಬೇಕು. ರಿಚರ್ಡ್ ಮೊದಲು ದಾಖಲಾಗಿದ್ದು ಯಾವುದೋ ದುಬಾರಿ ಖಾಸಗಿ ಆಸ್ಪತ್ರೆಗಲ್ಲ. ಬೋಸ್ಟನ್‌ನ ಬ್ರೈಟನ್‌ನಲ್ಲಿದ್ದ ಸಾರ್ವಜನಿಕ ಆರೋಗ್ಯ ಸೇವೆಯ ಆಸ್ಪತ್ರೆಗೆ. ನಾವಿಕರಿಗೆ ಮತ್ತು ಕರಾವಳಿ ಕಾವಲು ಪಡೆಯವರಿಗೆ ಅಮೆರಿಕದ ಕೇಂದ್ರ ಸರ್ಕಾರವೇ ನಡೆಸುತ್ತಿದ್ದ ಆಸ್ಪತ್ರೆ ಅದು. ಈ ವ್ಯವಸ್ಥೆಯ ಬೇರು 1798ರ ಒಂದು ಕಾನೂನಿನಲ್ಲಿತ್ತು. ಪ್ರತಿ ನಾವಿಕನ ಸಂಬಳದಿಂದ ತಿಂಗಳಿಗೆ 20 ಸೆಂಟ್ ಹಿಡಿದುಕೊಂಡು ಕಾಯಿಲೆ ಬಿದ್ದ ನಾವಿಕರಿಗೆ ಚಿಕಿತ್ಸೆ ಕೊಡಿಸೋ ಕಾನೂನು. ಸರ್ಕಾರಿ ಆರೋಗ್ಯ ಸೇವೆ ಅಂದ್ರೆ ಮೂಗು ಮುರಿಯೋ ದೇಶದಲ್ಲಿ ಕೂಡ ಅದು ಅಷ್ಟು ಹಳೆಯದು.

ಆ ಆಸ್ಪತ್ರೆಯ ಡಾಕ್ಟರ್ ಡೇವಿಡ್ ಮಿಲ್ಲರ್ ಅವರಿಗೆ ಹೊಳೆದದ್ದು ಒಂದೇ: ಈ ಹುಡುಗನಿಗೆ ಅವಳಿ ಸೋದರ ಇದ್ದಾನೆ. ಪಕ್ಕದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಕಿಡ್ನಿ ಕಸಿ ಬಗ್ಗೆ ಪ್ರಯೋಗ ನಡೀತಿದೆ ಅನ್ನೋದು ಅವರಿಗೆ ಗೊತ್ತಿತ್ತು. 1954ರ ಕೊನೆಯ ತಿಂಗಳುಗಳಲ್ಲಿ ರಿಚರ್ಡ್‌ನನ್ನು ಅಲ್ಲಿಗೆ ಕಳಿಸಿದರು. ಒಬ್ಬ ಸಾಮಾನ್ಯ ಸಿಬ್ಬಂದಿಯನ್ನು ವೈದ್ಯವಿಜ್ಞಾನದ ಅಂಚಿಗೆ ತಲುಪಿಸಿದ್ದು ಒಂದು ಸಾರ್ವಜನಿಕ ಆಸ್ಪತ್ರೆ, ಮತ್ತು ಅಲ್ಲಿ ಕಣ್ಣು ತೆರೆದು ಕೆಲಸ ಮಾಡ್ತಿದ್ದ ಒಬ್ಬ ಡಾಕ್ಟರ್.

ಅದುವರೆಗಿನ ಸೋಲುಗಳು

ಬ್ರಿಗಮ್‌ನಲ್ಲಿ ಆಗ ಜಾನ್ ಮೆರಿಲ್ ಅವರ ತಂಡ ಇತ್ತು. ಎರಡನೇ ಮಹಾಯುದ್ಧದ ಹೊತ್ತಲ್ಲಿ ನೆದರ್ಲೆಂಡ್ಸ್‌ನಲ್ಲಿ ವಿಲ್ಲೆಮ್ ಕೋಲ್ಫ್ ಕಟ್ಟಿದ್ದ ಕೃತಕ ಕಿಡ್ನಿ ಯಂತ್ರವನ್ನು ಸುಧಾರಿಸಿ ಅವರು ಬಳಸ್ತಿದ್ದರು. ಆದರೆ ಆ ಕಾಲದ ಡಯಾಲಿಸಿಸ್ ಈಗಿನ ಹಾಗೆ ವಾರಕ್ಕೆ ಮೂರು ಸಲ, ವರ್ಷಾನುಗಟ್ಟಲೆ ಮಾಡಿಸಿಕೊಳ್ಳೋ ಚಿಕಿತ್ಸೆ ಆಗಿರಲಿಲ್ಲ. ಪ್ರತಿ ಸಲ ರಕ್ತನಾಳವನ್ನು ಹೊಸದಾಗಿ ಕೊಯ್ದು ಕೊಳವೆ ಹಾಕಬೇಕಿತ್ತು. ನಾಳಗಳು ಮುಗಿದರೆ ಚಿಕಿತ್ಸೆಯೂ ಮುಗೀತು. ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಕಾಯಂ ಕೊಳವೆಯ ಉಪಾಯ ಕಂಡುಹಿಡಿದು ದೀರ್ಘಕಾಲದ ಡಯಾಲಿಸಿಸ್‌ಗೆ ದಾರಿ ಮಾಡಿದ್ದು 1960ರಲ್ಲಿ. ರಿಚರ್ಡ್‌ಗೆ ಆ ಭಾಗ್ಯ ಇರಲಿಲ್ಲ.

ಕಸಿಯ ಚರಿತ್ರೆಯೂ ಆಶಾದಾಯಕವಾಗಿರಲಿಲ್ಲ. 1952ರ ಕ್ರಿಸ್ಮಸ್ ಹೊತ್ತಿಗೆ ಪ್ಯಾರಿಸ್‌ನ ನೆಕ್ಕೆರ್ ಆಸ್ಪತ್ರೆಯಲ್ಲಿ ಮಾರಿಯಸ್ ರೆನಾರ್ ಅನ್ನೋ ಹುಡುಗನಿಗೆ ಅವನ ತಾಯಿಯ ಕಿಡ್ನಿ ಹಾಕಿದ್ದರು. ಇಡೀ ಫ್ರಾನ್ಸ್ ಉಸಿರು ಬಿಗಿಹಿಡಿದು ಕಾದಿತ್ತು. ಸುಮಾರು ಮೂರು ವಾರ ಆದ ಮೇಲೆ ಆ ಕಿಡ್ನಿ ನಿಂತುಹೋಯ್ತು, ಹುಡುಗ ಉಳಿಯಲಿಲ್ಲ. ಬ್ರಿಗಮ್‌ನಲ್ಲೇ ಡೇವಿಡ್ ಹ್ಯೂಮ್ ಕೆಲವು ರೋಗಿಗಳ ತೊಡೆಗೆ ಕಿಡ್ನಿ ಕಸಿ ಮಾಡಿ ನೋಡಿದ್ದರು. ಹೆಚ್ಚಿನವು ಬೇಗ ಸೋತವು. ಒಂದು ಮಾತ್ರ ಐದು ತಿಂಗಳ ಮೇಲೆ ನಡೆದಿತ್ತು. ಕಾರಣ ಗೊತ್ತಿತ್ತು: ಬೇರೆಯವರ ಅಂಗವನ್ನು ದೇಹ ಹೊರಗಿನ ಶತ್ರು ಅಂತ ಗುರುತಿಸಿ ಕೊಲ್ಲುತ್ತೆ. ಆ ದಾಳಿ ತಡೆಯೋ ಔಷಧಿ ಇನ್ನೂ ಬಂದಿರಲಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಾದರೆ? ಆಗ ದೇಹಕ್ಕೆ ವ್ಯತ್ಯಾಸ ಗೊತ್ತಾಗಬಾರದು.

ಹಾಗಾಗಿ ಇಬ್ಬರೂ ನಿಜಕ್ಕೂ ಒಂದೇ ಅಂಡದ ಅವಳಿಗಳೇ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ರಕ್ತದ ಗುಂಪು, ಉಪಗುಂಪುಗಳನ್ನು ಹೋಲಿಸಿದರು. ರೊನಾಲ್ಡ್‌ನ ಚರ್ಮದ ಚೂರನ್ನು ರಿಚರ್ಡ್‌ನ ಮೈಗೆ ಹಾಕಿ ವಾರಗಟ್ಟಲೆ ಕಾದರು, ಅದು ಹಿಡಿದುಕೊಳ್ತು. ಬೆರಳಚ್ಚು ಹೋಲಿಸೋಕೆ ಪೊಲೀಸ್ ಠಾಣೆಗೂ ಕರ್ಕೊಂಡು ಹೋದರು. ಅಲ್ಲಿಂದಲೇ ಸುದ್ದಿ ಪತ್ರಕರ್ತರ ಕಿವಿಗೆ ಬಿತ್ತು. ಗುಟ್ಟಾಗಿ ನಡೆಯಬೇಕಿದ್ದ ತಯಾರಿ ಪತ್ರಿಕೆಗಳ ಪಾಲಾಯ್ತು.

ಗಟ್ಟಿಮುಟ್ಟಾದವನ ಮೈಗೆ ಕತ್ತಿ

ತಾಂತ್ರಿಕ ಸಮಸ್ಯೆಗಿಂತ ನೈತಿಕ ಸಮಸ್ಯೆ ದೊಡ್ಡದಾಗಿತ್ತು. ಶಸ್ತ್ರಚಿಕಿತ್ಸೆ ಅಂದ್ರೆ ರೋಗಿಯ ಒಳ್ಳೆಯದಕ್ಕೆ ರೋಗಿಯ ಮೈ ಕೊಯ್ಯೋದು. ಇಲ್ಲಿ ಮಂಚದ ಮೇಲೆ ಮಲಗಬೇಕಿದ್ದ ರೊನಾಲ್ಡ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಅವನಿಗೆ ಆಪರೇಷನ್‌ನಿಂದ ಬರೋದು ನೋವು, ಗಾಯ, ಒಂದು ಅಂಗದ ನಷ್ಟ ಮಾತ್ರ. ತಂಡದವರು ಹೊರಗಿನ ವೈದ್ಯರು, ಧರ್ಮಗುರುಗಳು, ಕಾನೂನು ತಿಳಿದವರನ್ನೆಲ್ಲ ಕೇಳಿ ನೋಡಿದರು.

ರೊನಾಲ್ಡ್ ಕೂಡ ಒಂದು ಪ್ರಶ್ನೆ ಎತ್ತಿದ. ಕಿಡ್ನಿ ಕೊಟ್ಟ ಮೇಲೆ ಜೀವನಪೂರ್ತಿ ತನ್ನ ಆರೋಗ್ಯದ ಹೊಣೆ ಆಸ್ಪತ್ರೆ ಹೊರುತ್ತಾ ಅಂತ ಕೇಳಿದ. ಅವನ ಕಿಡ್ನಿ ತೆಗೆಯಬೇಕಿದ್ದ ಹಾರ್ಟ್‌ವೆಲ್ ಹ್ಯಾರಿಸನ್ ಹಾಗೇನೂ ಇಲ್ಲ ಅಂದರು. ಆದರೆ ಈ ಕೋಣೆಯಲ್ಲಿರೋ ಯಾರಾದರೂ ನಿನಗೆ ಚಿಕಿತ್ಸೆ ನಿರಾಕರಿಸ್ತಾರೆ ಅಂತ ಅನಿಸುತ್ತಾ ಅಂತ ಮರುಪ್ರಶ್ನೆ ಹಾಕಿದರು. ರೊನಾಲ್ಡ್ ಸುತ್ತ ನೋಡಿ ನಂಬಿದ. ನಂಬಿಕೆಯೇ ಕರಾರು, ಕಾಗದದಲ್ಲಿ ಏನೂ ಇಲ್ಲ. ದಾನಿಯ ಮುಂದಿನ ಬದುಕಿಗೆ ಯಾರು ಹೊಣೆ ಅನ್ನೋ ಆ ಪ್ರಶ್ನೆ ಅವತ್ತು ಹುಟ್ಟಿದ್ದು, ಇವತ್ತಿಗೂ ಜೀವಂತ ಇದೆ.

ಆಪರೇಷನ್‌ನ ಹಿಂದಿನ ರಾತ್ರಿ ರಿಚರ್ಡ್ ಒಂದು ಚೀಟಿ ಕಳಿಸಿದ. ಇಲ್ಲಿಂದ ಎದ್ದು ಮನೆಗೆ ಹೋಗಿಬಿಡು ಅಂತ ಸೋದರನಿಗೆ ಹೇಳಿದ್ದ. ರೊನಾಲ್ಡ್ ಅದೇ ದಾರಿಯಲ್ಲಿ ಉತ್ತರ ಕಳಿಸಿದ: ತಾನು ಬಂದಾಗಿದೆ, ಇಲ್ಲೇ ಇರ್ತೀನಿ ಅಂತ. ಸಾಯೋ ಹೊತ್ತಲ್ಲೂ ಒಬ್ಬ ಇನ್ನೊಬ್ಬನನ್ನು ಕಾಪಾಡೋಕೆ ನೋಡ್ತಿದ್ದ.

ಮಾರನೇ ದಿನ ಅಕ್ಕಪಕ್ಕದ ಕೋಣೆಗಳಲ್ಲಿ ಕೆಲಸ ನಡೀತು. ಹ್ಯಾರಿಸನ್ ರೊನಾಲ್ಡ್‌ನ ಎಡ ಕಿಡ್ನಿ ತೆಗೆದರು. ಮರ್ರೆ ಅದನ್ನು ರಿಚರ್ಡ್‌ನ ಕಿಬ್ಬೊಟ್ಟೆಯ ಬಲಭಾಗದಲ್ಲಿ ಕೂರಿಸಿ ರಕ್ತನಾಳಗಳನ್ನು ಹೊಲಿದರು. ನಾಯಿಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಕೈ ಅದು. 82 ನಿಮಿಷ ಆ ಕಿಡ್ನಿಗೆ ರಕ್ತವೇ ಇರಲಿಲ್ಲ. ಹಿಡಿಕೆ ಬಿಟ್ಟಾಗ ಅದು ಮತ್ತೆ ಕೆಂಪಾಗಿ ಉಬ್ಬಿತು, ಮೂತ್ರ ಹರಿಯೋಕೆ ಶುರುವಾಯ್ತು. ನೆಲ ಒರೆಸಬೇಕಾಗುವಷ್ಟು.

ಮುಗಿಯಿತು ಅಂದುಕೊಂಡಾಗ

ರಿಚರ್ಡ್‌ನ ತಲೆ ತಿಳಿಯಾಯ್ತು, ಊತ ಇಳೀತು, ಹಸಿವಾಯ್ತು. ರಕ್ತದಲ್ಲಿದ್ದ ವಿಷ ಹೊರಗೆ ಹೋಯ್ತು. ಪತ್ರಿಕೆಗಳಿಗೆ ಬೇಕಾದ ಪವಾಡ ಸಿಕ್ಕಿತು.

ಆದರೆ ಬಿಪಿ ಯಂತ್ರದ ಪಾದರಸ ಕೆಳಗೆ ಬರಲಿಲ್ಲ. ಅದೂ ಮಾಮೂಲಿ ಬಿಪಿ ಅಲ್ಲ. ಕಣ್ಣಿನ ಪರದೆ, ಮೆದುಳು, ಹೃದಯಗಳ ಸಣ್ಣ ನಾಳಗಳನ್ನು ಒಡೆಯೋ ಮಾರಕ ಬಗೆಯ ಬಿಪಿ. ಆ ಕಾಲದಲ್ಲಿ ಈ ರೋಗನಿರ್ಣಯ ಅಂದ್ರೆ ಹೆಚ್ಚಿನವರಿಗೆ ತಿಂಗಳುಗಳ ಲೆಕ್ಕದ ಮರಣದಂಡನೆ. ಹಾಗೇ ಬಿಟ್ಟರೆ ಅದು ರಿಚರ್ಡ್‌ನ ಹೃದಯವನ್ನಷ್ಟೇ ಅಲ್ಲ, ಹೊಸ ಕಿಡ್ನಿಯನ್ನೂ ತಿಂದುಹಾಕ್ತಿತ್ತು. ರೊನಾಲ್ಡ್ ಕೊಟ್ಟದ್ದು ವ್ಯರ್ಥ ಆಗ್ತಿತ್ತು.

ಬಿಪಿ ಮುಂದೆ ಆ ಕಾಲದ ವೈದ್ಯರು ಎಷ್ಟು ಅಸಹಾಯಕರು ಅಂತ ತಿಳಿಯೋಕೆ ಒಂದು ಉದಾಹರಣೆ ಸಾಕು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಸತ್ತಾಗ ಅವರ ಬಿಪಿ 300/190 ಇತ್ತು. ಜಗತ್ತಿನ ಅತ್ಯಂತ ಬಲಶಾಲಿ ಮನುಷ್ಯನಿಗೂ ಕೊಡೋಕೆ ಸರಿಯಾದ ಮಾತ್ರೆ ಇರಲಿಲ್ಲ. ಬೋಸ್ಟನ್‌ಗೆ ಹತ್ತಿರದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಬಿಪಿ ಮತ್ತು ಹೃದ್ರೋಗದ ಸಂಬಂಧ ಹುಡುಕೋ ಸರ್ಕಾರಿ ಅಧ್ಯಯನ ಶುರುವಾಗಿದ್ದೇ 1948ರಲ್ಲಿ.

1950ರ ದಶಕದ ಮೊದಲ ವರ್ಷಗಳಲ್ಲಿ ಕೆಲವು ಔಷಧಿ ಬಂದಿದ್ದವು. ಅವುಗಳಲ್ಲಿ ಒಂದು ನಮ್ಮ ಕಾಡಿನ ಸರ್ಪಗಂಧಿಯ ಬೇರಿನದು. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಆ ಬೇರು ಬಿಪಿ ಇಳಿಸುತ್ತೆ ಅಂತ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಬೋಸ್ಟನ್‌ನ ವೈದ್ಯರೂ ಅದನ್ನು ಪರೀಕ್ಷಿಸಿದರು. ಬೆನ್ನುಹುರಿಯ ಪಕ್ಕದ ನರಗಳನ್ನೇ ಕತ್ತರಿಸೋ ದೊಡ್ಡ ಆಪರೇಷನ್ ಕೂಡ ಚಾಲ್ತಿಯಲ್ಲಿತ್ತು. ಮಾರಕ ಬಿಪಿಗೆ ಯಾವುದೂ ಖಾತ್ರಿಯ ಪರಿಹಾರ ಆಗಿರಲಿಲ್ಲ.

ಅಪರಾಧಿ ಯಾರು?

ಇಲ್ಲಿ ರಿಚರ್ಡ್‌ನ ಪ್ರಕರಣ ವೈದ್ಯರಿಗೆ ಒಂದು ಅಪರೂಪದ ಸ್ಪಷ್ಟತೆ ಕೊಟ್ಟಿತು. ಇವತ್ತು ಕಿಡ್ನಿ ಕಸಿಯಾದವರಿಗೆ ಬಿಪಿ ಬಂದರೆ ಹತ್ತು ಕಾರಣ ಹುಡುಕಬೇಕು. ದೇಹದ ದಾಳಿ ತಡೆಯೋಕೆ ಕೊಡೋ ಔಷಧಿಗಳೇ ಬಿಪಿ ಏರಿಸ್ತವೆ. ಹೊಲಿದ ರಕ್ತನಾಳ ಕಿರಿದಾಗಿರಬಹುದು. ಹೊಸ ಕಿಡ್ನಿಯನ್ನು ದೇಹ ಒಳಗೊಳಗೇ ತಿರಸ್ಕರಿಸ್ತಿರಬಹುದು. ರಿಚರ್ಡ್‌ಗೆ ಅಂಥ ಔಷಧಿಗಳ ಅಗತ್ಯವೇ ಇರಲಿಲ್ಲ, ಅವಳಿಯ ಕಿಡ್ನಿ ಆಗಿದ್ದರಿಂದ ತಿರಸ್ಕಾರವೂ ಇಲ್ಲ. ಹೊಸ ಕಿಡ್ನಿ ಆರೋಗ್ಯವಾಗಿದೆ. ಹಾಗಾದ್ರೆ ಅನುಮಾನ ಹೋಗಬೇಕಾದ್ದು ಬೆನ್ನ ಹಿಂದೆ ಇನ್ನೂ ಕೂತಿದ್ದ ಎರಡು ಮುದುಡಿದ ಹಳೇ ಕಿಡ್ನಿಗಳ ಮೇಲೆ.

ಈ ಅನುಮಾನಕ್ಕೆ ನೂರು ವರ್ಷಗಳ ಹಿನ್ನೆಲೆ ಇತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1830ರ ದಶಕದಲ್ಲೇ ಕೆಟ್ಟ ಕಿಡ್ನಿಗಳ ಜೊತೆ ದಪ್ಪಗಾದ ಹೃದಯ ಇರೋದನ್ನು ಶವಪರೀಕ್ಷೆಗಳಲ್ಲಿ ಕಂಡಿದ್ದರು. 1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟೈಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯ ರಸವನ್ನು ಬೇರೆ ಮೊಲಕ್ಕೆ ಚುಚ್ಚಿದಾಗ ಬಿಪಿ ಏರಿತು. ಆ ವಸ್ತುವಿಗೆ ರೆನಿನ್ ಅಂತ ಹೆಸರಿಟ್ಟರು. 1934ರಲ್ಲಿ ಕ್ಲೀವ್‌ಲ್ಯಾಂಡ್‌ನ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗೋ ರಕ್ತನಾಳಕ್ಕೆ ಬಿಗಿಪಟ್ಟಿ ಹಾಕಿ ಕಿರಿದು ಮಾಡಿದರು. ನಾಯಿಗಳ ಬಿಪಿ ಏರಿ ಅಲ್ಲೇ ನಿಂತಿತು.

ಇದು ಹೇಗೆ ನಡೆಯುತ್ತೆ ಅಂತ ಊರಿನ ನೀರಿನ ಲೆಕ್ಕದಲ್ಲಿ ಹೇಳೋಣ. ಕೊನೆಯ ಬೀದಿಯ ಮನೆಗೆ ಹೋಗೋ ಪೈಪ್ ತುಕ್ಕು ಹಿಡಿದು ಕಟ್ಟಿಕೊಂಡಿದೆ. ಆ ಮನೆಯವರಿಗೆ ನೀರು ಬರ್ತಿಲ್ಲ. ಅವರು ನೀರುಗಂಟಿಗೆ ಫೋನ್ ಮೇಲೆ ಫೋನ್ ಮಾಡಿ ಪ್ರೆಶರ್ ಜಾಸ್ತಿ ಮಾಡಿಸ್ತಾರೆ. ಅವರ ಪೈಪ್ ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತೆ, ಆದರೆ ಊರಿನ ಬೇರೆ ಪೈಪುಗಳೆಲ್ಲ ಒಡೆಯೋಕೆ ಶುರು. ಹಾಳಾದ ಕಿಡ್ನಿ ಮಾಡೋದೂ ಇದನ್ನೇ. ತನಗೆ ರಕ್ತ ಸಾಲ್ತಿಲ್ಲ ಅಂತ ರೆನಿನ್ ಕಳಿಸ್ತಾನೇ ಇರುತ್ತೆ. ರೆನಿನ್‌ನಿಂದ ಶುರುವಾಗೋ ಸರಪಳಿ ಮೈಯ ರಕ್ತನಾಳಗಳನ್ನೆಲ್ಲ ಬಿಗಿ ಮಾಡುತ್ತೆ, ಉಪ್ಪನ್ನು ಹಿಡಿದಿಡುತ್ತೆ. ಸೋಸೋ ಕೆಲಸ ಬಿಟ್ಟಿರೋ ಕಿಡ್ನಿ ಕೂಗೋ ಕೆಲಸ ಮಾತ್ರ ಬಿಟ್ಟಿರೋದಿಲ್ಲ.

ಆದರೆ ತೆಗೆಯೋ ನಿರ್ಧಾರ ಸುಲಭದ್ದಲ್ಲ. ಗೋಲ್ಡ್‌ಬ್ಲಾಟ್ ಪ್ರಯೋಗದ ನಂತರ ಸಾಕಷ್ಟು ಸರ್ಜನ್‌ಗಳು ಉತ್ಸಾಹದಿಂದ ಬಿಪಿ ರೋಗಿಗಳ ಒಂದು ಕಿಡ್ನಿ ತೆಗೆದಿದ್ದರು, ಹೆಚ್ಚಿನವರಿಗೆ ಉಪಯೋಗ ಆಗಿರಲಿಲ್ಲ. ಅಮೆರಿಕದ ಕಿಡ್ನಿ ವಿಜ್ಞಾನಿ ಹೋಮರ್ ಸ್ಮಿತ್ ಇದನ್ನು ಕಟುವಾಗಿ ಟೀಕಿಸಿದ್ದರು. ರಿಚರ್ಡ್ ವಿಚಾರದಲ್ಲಿ ಇನ್ನೊಂದು ಭಯವೂ ಇತ್ತು. ಎರಡೂ ಹೋದರೆ ಅವನ ಜೀವ ನಿಲ್ಲೋದು ಸೋದರ ಕೊಟ್ಟ ಒಂದೇ ಕಿಡ್ನಿಯ ಮೇಲೆ. ಅದು ಕೈಕೊಟ್ಟರೆ ಕಾಯಂ ಡಯಾಲಿಸಿಸ್‌ನ ಆಸರೆಯೂ ಆಗ ಇಲ್ಲ. ಹಿಂದಿರುಗೋ ಸೇತುವೆಯನ್ನು ಸುಟ್ಟ ಹಾಗೆ.

1955ರಲ್ಲಿ ಆ ಹೆಜ್ಜೆ ಇಟ್ಟರು. ಒಂದೇ ಸಲ ಎರಡನ್ನೂ ಮುಟ್ಟಲಿಲ್ಲ. ಮೊದಲು ಒಂದು ತೆಗೆದರು, ಅವನು ಚೇತರಿಸಿಕೊಂಡ ಮೇಲೆ ಇನ್ನೊಂದು. ಎರಡೂ ಹೋಗೋ ತನಕ ಬಿಪಿ ಬಗ್ಗಲಿಲ್ಲ. ಹೋದ ಮೇಲೆ ಬಗ್ಗಿತು. ಮಾರಕ ಬಿಪಿಯ ಗುರುತುಗಳು ಮಾಯವಾದವು. 1956ರಲ್ಲಿ ಮೆರಿಲ್, ಮರ್ರೆ, ಹ್ಯಾರಿಸನ್ ಮತ್ತು ವಾರೆನ್ ಗಿಲ್ಡ್ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಪ್ರಕರಣ ಬರೆದಾಗ, ಹೊಸ ಕಿಡ್ನಿ 11 ತಿಂಗಳು ಬಾಳಿದ್ದರ ಜೊತೆಗೇ ಈ ಸಂಗತಿಯನ್ನೂ ದಾಖಲಿಸಿದರು. ಮನುಷ್ಯನ ದೇಹದಲ್ಲಿ ಬಿಪಿಯ ಮೂಲ ಎಲ್ಲಿರಬಹುದು ಅನ್ನೋದಕ್ಕೆ ಇಷ್ಟು ನೇರವಾದ ಸಾಕ್ಷಿ ಅಪರೂಪದ್ದು.

ಎಂಟು ವರ್ಷ

ಆಮೇಲೆ ರಿಚರ್ಡ್ ಬದುಕಿದ. ಆಸ್ಪತ್ರೆಯಲ್ಲಿ ತನ್ನ ಆರೈಕೆ ಮಾಡಿದ್ದ ನರ್ಸ್ ಕ್ಲೇರ್ ಅವರನ್ನು ಮದುವೆಯಾದ. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಹೊಸ ವರ್ಷ ಕಾಣೋದೇ ಅನುಮಾನ ಅನಿಸಿದ್ದ ಹುಡುಗ ಸಂಸಾರ ಮಾಡಿದ, ಮಕ್ಕಳನ್ನು ಎತ್ತಿ ಆಡಿಸಿದ. ಇದಕ್ಕಿಂತ ದೊಡ್ಡ ಪವಾಡ ಬೇಕಿಲ್ಲ.

ಆದರೆ ಅವನ ಮೂಲ ಕಾಯಿಲೆ ಕಿಡ್ನಿಯದ್ದಷ್ಟೇ ಆಗಿರಲಿಲ್ಲ. ಕಿಡ್ನಿಯನ್ನು ಕೆಡಿಸೋ ಸ್ವಭಾವ ಅವನ ಮೈಯಲ್ಲೇ ಇತ್ತು. ಅದೇ ಉರಿಯೂತ ಸೋದರನ ಕಿಡ್ನಿಗೂ ತಗುಲಿತು. ಹೃದಯ ಕೂಡ ಸವೆದಿತ್ತು. 1963ರಲ್ಲಿ, 31ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಆ ಹೊತ್ತಿಗೆ ಅಜಾಥಯೋಪ್ರಿನ್ ಅನ್ನೋ ಔಷಧಿ ಬಂದಿತ್ತು. 1962ರಲ್ಲಿ ಮರ್ರೆ ತಂಡ ಅದನ್ನು ಬಳಸಿ, ಸಂಬಂಧವೇ ಇಲ್ಲದ ಮೃತ ವ್ಯಕ್ತಿಯ ಕಿಡ್ನಿಯನ್ನೂ ಕಸಿ ಮಾಡಿ ಗೆದ್ದಿತ್ತು. ಅವಳಿಗಳಿಗೆ ಮಾತ್ರ ತೆರೆದಿದ್ದ ಬಾಗಿಲು ಎಲ್ಲರಿಗೂ ತೆರೆಯೋಕೆ ಶುರುವಾಗಿತ್ತು.

ರೊನಾಲ್ಡ್ ಒಂದೇ ಕಿಡ್ನಿಯಲ್ಲಿ ಗಣಿತದ ಮೇಷ್ಟ್ರಾಗಿ, ರೈತನಾಗಿ ಬಾಳಿ 2010ರ ಡಿಸೆಂಬರ್ 27ರಂದು ಮೇನ್ ರಾಜ್ಯದಲ್ಲಿ ತೀರಿಕೊಂಡ. 79 ವರ್ಷ ಆಗಿತ್ತು. ಕಿಡ್ನಿ ಕೊಟ್ಟು 56 ವರ್ಷ.

ಒಂದು ಪಾಠದ ಅತಿರೇಕ

ರಿಚರ್ಡ್‌ಗೆ ಫಲಿಸಿದ ಉಪಾಯ ಸ್ವಲ್ಪ ಕಾಲ ಎಲ್ಲರಿಗೂ ಹೇರುವ ನಿಯಮವೇ ಆಯ್ತು. 1960, 70ರ ದಶಕಗಳಲ್ಲಿ ಕೆಲವು ದೊಡ್ಡ ಕೇಂದ್ರಗಳು ಕಸಿಗೆ ಮುಂಚೆಯೇ ರೋಗಿಗಳ ಎರಡೂ ಕಿಡ್ನಿ ತೆಗೆಯುವ ರೂಢಿ ಮಾಡಿಕೊಂಡವು. ಅದಕ್ಕೆ ಬೆಲೆ ತೆರಬೇಕಾಯ್ತು. ಸತ್ತಂತೆ ಕಾಣೋ ಕಿಡ್ನಿ ಕೂಡ ರಕ್ತ ಹುಟ್ಟಿಸೋ ಎರಿಥ್ರೊಪೊಯೆಟಿನ್ ಅನ್ನು ಒಂದಿಷ್ಟು ಮಾಡ್ತಿರುತ್ತೆ, ದಿನಕ್ಕೆ ಒಂದು ಲೋಟದಷ್ಟಾದರೂ ನೀರು ಹೊರಹಾಕ್ತಿರುತ್ತೆ. ಎರಡೂ ಹೋದವರು ರಕ್ತಹೀನತೆಯಿಂದ ಬಳಲಿದರು, ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡರು, ಗುಟುಕು ನೀರಿಗೂ ಲೆಕ್ಕ ಇಡಬೇಕಾಯ್ತು. ಕಸಿ ಸೋತವರ ಪಾಡಂತೂ ಹೇಳಬೇಕಿಲ್ಲ. ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಅಮೆರಿಕದಲ್ಲಿ ಮಂಜೂರಾಗಿದ್ದು 1989ರಲ್ಲಿ.

ರೂಢಿ ಕಡಿಮೆಯಾಗೋಕೆ ದೊಡ್ಡ ಕಾರಣ ಒಳ್ಳೇ ಮಾತ್ರೆಗಳು. ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಮಾರುಕಟ್ಟೆಗೆ ಬಂತು. ಕಿಡ್ನಿಯ ಕೂಗು ರಕ್ತನಾಳಗಳಿಗೆ ತಲುಪದ ಹಾಗೆ ನಡುವೆಯೇ ತಂತಿ ಕತ್ತರಿಸೋ ಔಷಧಿ ಅದು. ಇವತ್ತು ಕಸಿಯಾದ ಮೇಲೆ ಬಿಪಿ ಬಗ್ಗದಿದ್ದರೆ ವೈದ್ಯರು ಮೊದಲು ಔಷಧಿಗಳನ್ನು ಪರಿಶೀಲಿಸ್ತಾರೆ, ಉಪ್ಪು ಮತ್ತು ನೀರಿನ ಲೆಕ್ಕ ನೋಡ್ತಾರೆ, ಹೊಸ ಕಿಡ್ನಿಯ ರಕ್ತನಾಳ ಕಿರಿದಾಗಿದೆಯಾ ಅಂತ ಸ್ಕ್ಯಾನ್ ಮಾಡ್ತಾರೆ, ಕಿಡ್ನಿ ಸೋಲ್ತಿದೆಯಾ ಅಂತ ಪರೀಕ್ಷಿಸ್ತಾರೆ. ಇದೆಲ್ಲ ಮುಗಿದು, ಹಲವು ಮಾತ್ರೆ ಕೊಟ್ಟರೂ ಬಗ್ಗದ ಕೆಲವೇ ಕೆಲವರಿಗೆ ಹಳೇ ಕಿಡ್ನಿಗಳನ್ನು ತೆಗೆಯೋದು ಕೊನೆಯ ದಾರಿ. ಈಗ ಅದನ್ನು ದುರ್ಬೀನಿನಲ್ಲಿ ಸಣ್ಣ ರಂಧ್ರಗಳ ಮೂಲಕ ಮಾಡಬಹುದು. ರಿಚರ್ಡ್‌ನ ಪಾಠ ಸುಳ್ಳಾಗಲಿಲ್ಲ, ಅದು ತನ್ನ ಅಳತೆಗೆ ಬಂತು.

ಆಪರೇಷನ್‌ಗೆ ದುಡ್ಡಿದೆ, ಆಮೇಲೆ?

ರಿಚರ್ಡ್‌ನನ್ನು ಉಳಿಸಿದ್ದು ಒಂದು ದಿನದ ಐದೂವರೆ ಗಂಟೆಯ ಆಪರೇಷನ್ ಮಾತ್ರ ಆಗಿದ್ದರೆ ಅವನು ಬಿಪಿಯಿಂದ ಸಾಯ್ತಿದ್ದ. ಆಮೇಲೂ ಪ್ರತಿ ದಿನ ಬಿಪಿ ನೋಡಿದ ನರ್ಸ್‌ಗಳು, ಇದು ಯಾಕೆ ಇಳೀತಿಲ್ಲ ಅಂತ ತಲೆ ಕೆಡಿಸಿಕೊಂಡ ವೈದ್ಯರು, ಮತ್ತೆರಡು ಸಲ ಮಂಚ ಹತ್ತಿದ ಅವನ ಧೈರ್ಯ, ಇವೆಲ್ಲ ಸೇರಿ ಎಂಟು ವರ್ಷ ಕೊಟ್ಟವು. ಆ ಪಾಲನೆಗೆ ಫೋಟೊ ಇಲ್ಲ, ನೊಬೆಲ್ ಇಲ್ಲ. ಬಜೆಟ್ಟೂ ಇರೋದಿಲ್ಲ, ಅದೇ ಸಮಸ್ಯೆ.

ಅಮೆರಿಕದ್ದೇ ನೋಡಿ. 1971ರಲ್ಲಿ ಒಬ್ಬ ರೋಗಿ ಸಂಸತ್ತಿನ ಸಮಿತಿಯ ಎದುರೇ ಡಯಾಲಿಸಿಸ್ ಮಾಡಿಸಿಕೊಂಡು ತೋರಿಸಿದ. ಮರುವರ್ಷ, 1972ರಲ್ಲಿ, ವಯಸ್ಸು ಎಷ್ಟೇ ಇರಲಿ ಕಿಡ್ನಿ ಸೋತವರ ಡಯಾಲಿಸಿಸ್ ಮತ್ತು ಕಸಿಯ ಖರ್ಚನ್ನು ಸರ್ಕಾರಿ ವಿಮೆಗೆ ಸೇರಿಸೋ ಕಾನೂನು ಬಂತು. ಹೋರಾಟಕ್ಕೆ ಸಿಕ್ಕ ದೊಡ್ಡ ಗೆಲುವು. ಆದರೆ ಅದೇ ವ್ಯವಸ್ಥೆ 65 ದಾಟದ, ಅಂಗವಿಕಲರೂ ಅಲ್ಲದ ರೋಗಿಗಳಿಗೆ ಕಸಿಯಾದ ಮೇಲಿನ ಔಷಧಿಯ ಖರ್ಚನ್ನು 36 ತಿಂಗಳಿಗೆ ನಿಲ್ಲಿಸ್ತಿತ್ತು. ಔಷಧಿ ಕೊಳ್ಳಲಾಗದೆ ಕಿಡ್ನಿ ಕಳ್ಕೊಂಡರೆ? ಮತ್ತೆ ಡಯಾಲಿಸಿಸ್‌ಗೆ ಸರ್ಕಾರವೇ ಹಣ ಕೊಡ್ತಿತ್ತು! ಈ ಹುಚ್ಚು ಲೆಕ್ಕ ಸರಿಪಡಿಸೋಕೆ 2020ರ ಕಾನೂನು ಬರಬೇಕಾಯ್ತು, ಜಾರಿಯಾಗಿದ್ದು 2023ರಲ್ಲಿ. ಇನ್ನು ರಿಚರ್ಡ್‌ನ ಕೈ ಹಿಡಿದಿದ್ದ ನಾವಿಕರ ಆಸ್ಪತ್ರೆಗಳ ಜಾಲವನ್ನು 1981ರಲ್ಲಿ ರೇಗನ್ ಸರ್ಕಾರ ಮುಚ್ಚಿಸಿತು.

ನಮ್ಮಲ್ಲಿ? ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಯಶಸ್ವಿ ಕಸಿ ನಡೀತು. ಕಿಡ್ನಿ ಮಾರಾಟದ ದಂಧೆ ಬೆಳೆದ ಮೇಲೆ 1994ರಲ್ಲಿ ಅಂಗಾಂಗ ಕಸಿ ಕಾನೂನು ಬಂತು. ಬದುಕಿರುವಾಗಲೇ ಕಿಡ್ನಿ ಕೊಡೋರಲ್ಲಿ ತಾಯಂದಿರು, ಹೆಂಡತಿಯರೇ ಹೆಚ್ಚು, ಪಡೆಯೋರಲ್ಲಿ ಗಂಡಸರು ಹೆಚ್ಚು. ಆ ತಾಯಿಯ ಬಿಪಿಯನ್ನು ಹತ್ತು ವರ್ಷ ಆದ ಮೇಲೆ ಯಾರು ನೋಡ್ತಾರೆ? ರೊನಾಲ್ಡ್ ಕೇಳಿದ ಪ್ರಶ್ನೆಯನ್ನು ಅವಳು ಕೇಳೋಕೂ ಅವಕಾಶ ಇರುತ್ತಾ?

ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರ ಬಂದಿವೆ, ಅದು ಬೇಕಾಗಿದ್ದದ್ದೇ. ಆದರೆ ಎಷ್ಟೋ ಜನ ಅಲ್ಲಿಗೆ ತಲುಪೋದು ವರ್ಷಗಟ್ಟಲೆ ಗೊತ್ತೇ ಆಗದ ಬಿಪಿ, ಶುಗರ್ ಕಿಡ್ನಿಯನ್ನು ತಿಂದುಹಾಕಿದ ಮೇಲೆ. ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಪ್ರತಿ ತಿಂಗಳೂ ಸಿಗುತ್ತಾ, ಕಸಿಯಾದವನಿಗೆ ಐದನೇ ವರ್ಷವೂ ಔಷಧಿ ಸಿಗುತ್ತಾ, ಸಂಜೆ ಬಿಪಿ ನೋಡೋ ನರ್ಸ್‌ಗೆ ಸರಿಯಾದ ಸಂಬಳ ಇದೆಯಾ, ಇವೂ ರಾಜಕೀಯ ಪ್ರಶ್ನೆಗಳೇ. ಹೊಸ ಕಟ್ಟಡದ ರಿಬ್ಬನ್ ಕತ್ತರಿಸೋ ಫೋಟೊ ನಿಮ್ಮ ಮೊಬೈಲಿಗೆ ಬಂದಾಗ ಮುಂದಿನ ತಿಂಗಳ ಮಾತ್ರೆ ಎಲ್ಲಿ ಅಂತ ಕೇಳಿ. ರಿಚರ್ಡ್ ಹೆರಿಕ್ ಬದುಕಿದ ಎಂಟು ವರ್ಷಗಳ ಲೆಕ್ಕ ಇರೋದು ಆ ಪ್ರಶ್ನೆಯ ಹತ್ತಿರ.